ಮಲೆನಾಡಿನ ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನು, ಶವರ್ ದೀಪ: ಥಂಡಿ ಒಳಹೊಗದಂಥ ವೈರಿಂಗ್

ಆರಿದ್ರೆ ಮಳೆ ಹಿಡಿಯಿತೆಂದರೆ ಬಚ್ಚಲ ಗೋಡೆ ಮತ್ತೆ ಒಣಗುವುದು ಮಖೆ ಮಳೆ ಕಳೆದ ಮೇಲೆಯೇ. ಮೂಲೆಯಲ್ಲಿ ಕಪ್ಪು ಬೂಷ್ಟು, ಕೆಳತುದಿ ಉಬ್ಬಿ ಹೊಸ್ತಿಲಿಗೆ ಉಜ್ಜುವ ಬಾಗಿಲು, ಟವೆಲ್ಲಿಗೆ ಮುಗ್ಗಲು ವಾಸನೆ. ಇದಕ್ಕೆ ಮದ್ದೆಂದು ಎಕ್ಸಾಸ್ಟ್ ಫ್ಯಾನು ತರುತ್ತಾರೆ, ಜೊತೆಗೆ ಶವರಿನ ಮೇಲೊಂದು ದೀಪ. ಎರಡೂ ಸೇರಿ 40 ವ್ಯಾಟಿನ ಆಸುಪಾಸು, ಹಾಗಾಗಿ ಇದರ ವೈರಿಂಗನ್ನು ದೊಡ್ಡ ಕೆಲಸ ಅಂತ ಯಾರೂ ಎಣಿಸುವುದಿಲ್ಲ. ಆದರೆ 230 ವೋಲ್ಟಿಗೆ 40 ವ್ಯಾಟ್ ಅಂದರೆ ಸುಮಾರು 170 ಮಿಲಿ ಆಂಪಿಯರ್. ಒದ್ದೆ ಮೈಯವರ ಜೀವ ಉಳಿಯಬೇಕಾದರೆ 30 ಮಿಲಿ ಆಂಪಿಯರ್ ಸೋರುವಷ್ಟರಲ್ಲಿ ಕರೆಂಟು ಕಡಿದಿರಬೇಕು.

ಬಚ್ಚಲಿನ ನೀರು ವೈರಿಗೆ ಎರಡು ದಾರಿಯಲ್ಲಿ ಬರುತ್ತದೆ. ಒಂದು ಚಿಮ್ಮಿ ಬರುವುದು. ಅದು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಅದಕ್ಕೆ ಹೆದರುತ್ತಾರೆ. ಇನ್ನೊಂದು ಹಬೆ. ಅದು ವೈರಿಂಗ್ ಪೈಪಿನೊಳಗೆ ಏರಿ, ತಣ್ಣಗಿನ ಅಟ್ಟದಲ್ಲಿ ಹನಿಯಾಗಿ, ಅದೇ ಪೈಪಿನಲ್ಲಿ ವಾಪಸು ಇಳಿದು ಸ್ವಿಚ್ ಬಾಕ್ಸಿಗೆ ಸೇರುತ್ತದೆ. ಐದಾರು ಮಳೆಗಾಲ ಕಂಡ ಬಾಕ್ಸನ್ನು ಬಿಚ್ಚಿ ನೋಡಿ: ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಸ್ಕ್ರೂ ತಲೆಯ ಸುತ್ತ ತುಕ್ಕು, ಅಂಟು ಬಿಟ್ಟು ಸುರುಳಿ ಬಿಚ್ಚಿಕೊಂಡ ಟೇಪು. ಮಲೆನಾಡಿನಲ್ಲಿ ಕೆಡಿಸುವುದು ಹೆಚ್ಚಾಗಿ ಈ ಎರಡನೆಯ ನೀರೇ.

ಮೊದಲೇ ಒಂದು ಮಾತು. ಪೈಪು ಕೂರಿಸುವುದು, ಗೋಡೆ ಕೊರೆಯುವುದು, ಸಾಮಾನು ಆರಿಸುವುದು ಮನೆಯವರೇ ಮಾಡಬಹುದು. ಮೇನ್ ಬೋರ್ಡಿನ ಜೋಡಣೆ ಮತ್ತು ಕೊನೆಯ ಪರೀಕ್ಷೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಬೇಕು. ಅವರು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ನಿಮಗೂ ಗೊತ್ತಿರಲಿ.

ಮೇನ್ ಬೋರ್ಡಿನಿಂದ ಶುರು

ಮೇನ್ ಸ್ವಿಚ್ ಇಳಿಸಿದ ಮಾತ್ರಕ್ಕೆ ಬಚ್ಚಲಿನ ವೈರು ಸತ್ತಿತು ಅಂದುಕೊಳ್ಳಬೇಡಿ. ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ದೀಪದ ಪಾಯಿಂಟುಗಳು ಸಾಮಾನ್ಯವಾಗಿ ಇನ್ವರ್ಟರ್ ಲೈನಿನಲ್ಲೇ ಇರುತ್ತವೆ. ಮೇನ್ ಇಳಿಸಿದ ಕ್ಷಣ ಇನ್ವರ್ಟರ್ ಎದ್ದು ಅದೇ ವೈರಿಗೆ 230 ವೋಲ್ಟ್ ಕೊಡುತ್ತದೆ. ಮೊದಲು ಇನ್ವರ್ಟರ್ ಆಫ್, ಆಮೇಲೆ ಮೇನ್ ಆಫ್, ಆಮೇಲೆ ಮಲ್ಟಿಮೀಟರ್ ಹಿಡಿದು ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ನೋಡಿ. ಗೊತ್ತಿರುವ ಜೀವಂತ ಪಾಯಿಂಟಿನಲ್ಲಿ ಮೀಟರನ್ನು ಮುಂಚೆ ಪರೀಕ್ಷಿಸಿಕೊಂಡಿರಬೇಕು. ಬರೀ ಟೆಸ್ಟರ್ ನಂಬಿ ವೈರು ಮುಟ್ಟುವುದು ಬೇಡ.

ಆಮೇಲೆ ಅರ್ತ್. ಹಳೆ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ವೈರಿಂಗಿಗೆ ಎಷ್ಟೋ ಕಡೆ ಅರ್ತ್ ವೈರೇ ಇರುವುದಿಲ್ಲ. ಇದ್ದರೂ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತ್ ಗುಂಡಿಯ ಪ್ರತಿರೋಧ ಏರುತ್ತದೆ. ಒಂದು ಲೆಕ್ಕ ನೋಡಿ. ಗುಂಡಿಯ ಪ್ರತಿರೋಧ 20 ಓಮ್ ಇದೆ, ಫ್ಯಾನಿನ ಲೋಹದ ಮೈಗೆ ಫೇಸ್ ತಾಗಿದೆ. ಹರಿಯುವ ಕರೆಂಟು 230ನ್ನು 20ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚಿಗೆ) ಇದು ಲೆಕ್ಕಕ್ಕೇ ಇಲ್ಲ. 6 ಆಂಪಿಯರಿನದೂ ತಕ್ಷಣ ಬೀಳುವುದಿಲ್ಲ, ನಿಮಿಷಗಟ್ಟಲೆ ಹಿಡಿದುಕೊಂಡಿರಬಹುದು. ಅಷ್ಟು ಹೊತ್ತೂ ಫ್ಯಾನಿನ ಮೈ ಜೀವಂತ.

ಅದಕ್ಕೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಸ್ವಿಚ್ಚು) ಇಲ್ಲದೆ ಬಚ್ಚಲಿಗೆ ವೈರು ಎಳೆಯಲೇಬಾರದು. ಅರ್ತ್ ಅಷ್ಟಕ್ಕಷ್ಟೇ ಇದ್ದರೂ 30 ಮಿಲಿ ಆಂಪಿಯರ್ ಸೋರುವಷ್ಟರಲ್ಲಿ ಅದು ಬೀಳುತ್ತದೆ. ಎಂಸಿಬಿ ಸೋರಿಕೆ ನೋಡುವುದಿಲ್ಲ, ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಮಾಡುವುದು ಆರ್‌ಸಿಬಿಒ. ಬಚ್ಚಲಿಗೆಂದೇ 6 ಆಂಪಿಯರ್, 30 ಮಿಲಿ ಆಂಪಿಯರಿನ, ಎರಡು ಪೋಲಿನ (ಫೇಸು, ನ್ಯೂಟ್ರಲ್ಲು ಎರಡನ್ನೂ ಕಡಿಯುವ) ಆರ್‌ಸಿಬಿಒ ಒಂದನ್ನು ಹಾಕಿಸಿ. ಸರ್ಕ್ಯೂಟು ಇನ್ವರ್ಟರ್ ಲೈನಿನದಾದರೆ ಅದನ್ನು ಇನ್ವರ್ಟರ್ ಆದ ಮೇಲೆ ಕೂರಿಸಬೇಕು. ಫೇಸೂ ನ್ಯೂಟ್ರಲ್ಲೂ ಅದರಿಂದಲೇ ಹೊರಟು ಬಚ್ಚಲಿಗೆ ಹೋಗಬೇಕು.

ಗೀಸರ್ ಪಾಯಿಂಟು ಹತ್ತಿರವಿದೆಯೆಂದು ಅಲ್ಲಿಂದ ದೀಪಕ್ಕೆ ಎಳೆದುಕೊಳ್ಳುವುದು ಎಲ್ಲ ಕಡೆ ಕಾಣುವ ತಪ್ಪು. ಗೀಸರಿನ ಎಂಸಿಬಿ ಸಾಮಾನ್ಯವಾಗಿ 16 ಅಥವಾ 20 ಆಂಪಿಯರಿನದು. ಪೈಪಿನೊಳಗಿನ 1.5 ಚದರ ಮಿ.ಮೀ. ತಾಮ್ರದ ವೈರು ತಾಳುವುದು 13–14 ಆಂಪಿಯರ್. ಎಂಸಿಬಿ ಬೀಳುವ ಮೊದಲೇ ವೈರು ಕಾಯುತ್ತದೆ.

ಬಚ್ಚಲಲ್ಲಿ ಬೆಂಕಿ ಇದ್ದರೆ

ಇದನ್ನು ಓದದೆ ಮುಂದೆ ಹೋಗಬೇಡಿ. ಹಂಡೆ ಒಲೆಯ ಬಾಯಿ ಬಚ್ಚಲೊಳಗೇ ಇದ್ದರೆ, ಅಥವಾ ಗ್ಯಾಸ್ ಗೀಸರ್ ಒಳಗಿದ್ದರೆ, ಅಲ್ಲಿಗೆ ಎಕ್ಸಾಸ್ಟ್ ಫ್ಯಾನು ಹಾಕಬಾರದು. ಫ್ಯಾನು ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಒಳಗೆ ಗಾಳಿ ಬೇಕು. ಬಾಗಿಲು ಬಿಗಿಯಾಗಿದ್ದರೆ ಆ ಗಾಳಿ ಹೊಗೆಗೂಡಿನಿಂದಲೇ ಇಳಿದು ಬರುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ. ಸೌದೆ ಹೊಗೆಯಾದರೆ ಕಣ್ಣುರಿದು ಗೊತ್ತಾಗುತ್ತದೆ. ಗ್ಯಾಸ್ ಗೀಸರಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಫ್ಯಾನು ಇದೆಯಲ್ಲ, ಗಾಳಿ ಆಡುತ್ತದೆ ಅನ್ನುವ ಧೈರ್ಯವೇ ಇಲ್ಲಿ ಮುಳುವು. ಗ್ಯಾಸ್ ಗೀಸರನ್ನು ಹೊರಗಿನ ಗೋಡೆಗೆ ಸಾಗಿಸಿ ಬಿಸಿನೀರಿನ ಪೈಪನ್ನಷ್ಟೇ ಒಳಗೆ ತನ್ನಿ. ಒಲೆಯಾದರೆ ಅದರ ಬಾಯಿ ಹೊರಗಿನಿಂದ ಇರುವಂತೆ ಕಟ್ಟಿಸಿ, ಒಳಗಿನ ಸಂದನ್ನೆಲ್ಲ ಗಾರೆಯಿಂದ ಮುಚ್ಚಿಸಿ. ಫ್ಯಾನಿನ ಮಾತು ಆಮೇಲೆ.

ಫ್ಯಾನು: ಎಷ್ಟು ದೊಡ್ಡದು, ಎಲ್ಲಿ

5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲೆಂದರೆ 315 ಘನ ಅಡಿ, ಸುಮಾರು 9 ಘನ ಮೀಟರ್. ಗಂಟೆಗೆ 10ರಿಂದ 15 ಸಲ ಗಾಳಿ ಬದಲಾಗಬೇಕು ಅಂದರೆ 90–135 ಘನ ಮೀಟರ್ ಬೇಕು. ಪೆಟ್ಟಿಗೆಯ ಮೇಲೆ ಬರೆದಿರುವುದು ಪೈಪು, ಜಾಲರಿ ಏನೂ ಇಲ್ಲದೆ ಅಳೆದ ಲೆಕ್ಕ. ಗೋಡೆಯೊಳಗೆ ಕೂತಾಗ ಅದು ಅರ್ಧಕ್ಕಿಳಿದರೂ ಆಶ್ಚರ್ಯವಿಲ್ಲ. ಹಾಗಾಗಿ 200 ಘನ ಮೀಟರಿನ ಆಸುಪಾಸು ಬರೆದಿರುವ 6 ಇಂಚಿನ ಫ್ಯಾನು ಇಷ್ಟು ದೊಡ್ಡ ಬಚ್ಚಲಿಗೆ ಸರಿ. 4 ಇಂಚಿನದು ಬರೀ ಕಕ್ಕಸಿಗೆ ಸಾಕು, ಬಿಸಿನೀರು ಸುರಿಯುವ ಬಚ್ಚಲಿಗೆ ಸಾಲದು.

ಜಾಗ ಆರಿಸುವಾಗ ಮಳೆ ಹೊಡೆಯುವ ದಿಕ್ಕು ನೋಡಿ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ಮುಂಗಾರಿನ ಎರಚಲು ಪಡುವಣದಿಂದ ಬರುತ್ತದೆ. ಪಡುವಣ ಗೋಡೆಯಲ್ಲಿಟ್ಟ ಫ್ಯಾನು ಗಾಳಿಯ ಎದುರು ತಳ್ಳುತ್ತಾ ಸೋಲುತ್ತದೆ, ನೀರೂ ಒಳಗೆ ಬರುತ್ತದೆ. ಮೂಡಣ ಅಥವಾ ಬಡಗಣ ಗೋಡೆ, ಸೂರಿನ ಅಡಿ ಆದಷ್ಟು ಮೇಲೆ, ಬಾಗಿಲಿಗೆ ಎದುರು ಮೂಲೆ, ಶವರಿಗೆ ಹತ್ತಿರ: ಇದು ಒಳ್ಳೆಯ ಜಾಗ. ಗಾಜಿನ ಪಟ್ಟಿಗಳ ಗವಾಕ್ಷಿಯಲ್ಲಿ ಎರಡು ಪಟ್ಟಿ ತೆಗೆದು ಫ್ಯಾನು ಕೂರಿಸುವುದು ಸುಲಭ. ಆದರೆ ಉಳಿದ ಪಟ್ಟಿಗಳನ್ನು ಮುಚ್ಚಬೇಕು. ಇಲ್ಲದಿದ್ದರೆ ಪಕ್ಕದ ಸಂದಿನಿಂದ ಬಂದ ಹೊರಗಾಳಿಯನ್ನೇ ಫ್ಯಾನು ಮತ್ತೆ ಹೊರಗೆ ಕಳಿಸುತ್ತದೆ, ಬಚ್ಚಲ ಹಬೆ ಇದ್ದಲ್ಲೇ ಇರುತ್ತದೆ. ಗಾಳಿ ಒಳಬರಬೇಕಾದ್ದು ಬಾಗಿಲ ಕೆಳಗಿನಿಂದ. ಅಲ್ಲಿ 10–12 ಮಿ.ಮೀ. ಸಂದು ಬಿಡಿ.

ಹಬೆಯನ್ನು ಅಟ್ಟಕ್ಕೆ ಬಿಡುವವರಿದ್ದಾರೆ. ಅಟ್ಟದಲ್ಲಿ ಅಡಿಕೆ ಮೂಟೆ ಇದ್ದರೆ ಬೂಷ್ಟು ಹಿಡಿಯುತ್ತದೆ, ಮಾಡಿನ ಮರದ ಪಕಾಸಿ, ರೀಪು ಕುಂಬಾಗುತ್ತವೆ. ಫ್ಯಾನಿನ ಪೈಪು ಗೋಡೆ ದಾಟಿ ಹೊರಗೇ ಬಾಯಿ ತೆರೆಯಬೇಕು. ಸಾಮಾನ್ಯ ರೆಕ್ಕೆಯ ಫ್ಯಾನಿಗೆ ಪೈಪು ಒಂದೂವರೆ ಮೀಟರ್ ದಾಟದಿರಲಿ.

ದೀಪ

ಶವರ್ ತಟ್ಟೆಯಿಲ್ಲದ ಬಚ್ಚಲಿಗೆ ಅಂತರರಾಷ್ಟ್ರೀಯ ವೈರಿಂಗ್ ನಿಯಮದಲ್ಲಿ ಒಂದು ಅಳತೆ ಇದೆ: ಶವರಿನ ನೀರು ಬೀಳುವ ಬಾಯಿಂದ ಸುತ್ತ 1.2 ಮೀಟರ್, ನೆಲದಿಂದ 2.25 ಮೀಟರ್ ಎತ್ತರ. ಇದರೊಳಗೆ ಸ್ವಿಚ್ಚು, ಸಾಕೆಟ್ಟು ಕೂಡದು. ಬರುವ ದೀಪ, ಫ್ಯಾನು ಕಡಿಮೆಯೆಂದರೂ ಐಪಿಎಕ್ಸ್ 4 (ಎಲ್ಲ ಕಡೆಯಿಂದ ಚಿಮ್ಮುವ ನೀರು ತಡೆಯುವ ದರ್ಜೆ) ಇರಬೇಕು. 5 ಅಡಿಯ ಬಚ್ಚಲಲ್ಲಿ 1.2 ಮೀಟರ್ ಅಳೆದರೆ ಹೆಚ್ಚುಕಡಿಮೆ ಇಡೀ ಬಚ್ಚಲೇ ಒಳಗೆ ಬಂತು. ಅದಕ್ಕೇ ಸ್ವಿಚ್ಚುಗಳೆಲ್ಲ ಬಾಗಿಲ ಹೊರಗಿರಲಿ. ಮರದ ಮುಚ್ಚಿಗೆ 7 ಅಡಿಗೇ ಇರುವ ಹಳೆ ಮನೆಗಳಲ್ಲಿ ಆ ಎತ್ತರವೂ ಸಿಗುವುದಿಲ್ಲ. ಅಲ್ಲಿ 12 ವೋಲ್ಟಿನ ದೀಪ ಹಾಕಿ, ಅದರ ಟ್ರಾನ್ಸ್‌ಫಾರ್ಮರನ್ನು ಬಚ್ಚಲ ಹೊರಗಿಡುವುದು ಉತ್ತಮ.

ಉಳಿದ ಕಡೆ ಐಪಿ 65ರ 8–10 ವ್ಯಾಟಿನ ಎಲ್‌ಇಡಿ ದೀಪ ತನ್ನಿ. 5 ಅಂದರೆ ನೀರಿನ ಧಾರೆ ತಡೆಯುತ್ತದೆ, ಹ್ಯಾಂಡ್ ಶವರ್ ಇದ್ದರೆ ಅದು ಬೇಕೇ ಬೇಕು. 6 ಅಂದರೆ ಧೂಳೂ ಹೋಗದಷ್ಟು ಬಿಗಿ, ಹಾಗಾಗಿ ಮಳೆಹುಳುಗಳೂ ಒಳಗೆ ಸೇರವು. ಇಷ್ಟೆಲ್ಲ ಕೊಟ್ಟು ತಂದ ದೀಪ ಕೆಡುವುದು ಒಂದೇ ಕಡೆ, ವೈರು ಒಳಹೋಗುವ ರಬ್ಬರ್ ಗ್ಲ್ಯಾಂಡಿನಲ್ಲಿ. ಗ್ಲ್ಯಾಂಡಿನ ತೂತು ಗುಂಡಗಿರುತ್ತದೆ. ಅದರಲ್ಲಿ ಮೂರು ಬಿಡಿ ವೈರು ತುರುಕಿದರೂ, ಚಪ್ಪಟೆ ಕೇಬಲ್ ತೂರಿಸಿದರೂ ಪಕ್ಕದಲ್ಲಿ ಸಂದು ಉಳಿಯುತ್ತದೆ. ಆಮೇಲೆ ಐಪಿ 65 ಬರೀ ಪೆಟ್ಟಿಗೆಯ ಮೇಲಿನ ಅಕ್ಷರ. ದೀಪದ ಕೊನೆಯ ಅರ್ಧ ಮೀಟರಿಗೆ ಗುಂಡನೆಯ ಮೂರು ಕೋರಿನ ಕೇಬಲ್ ಬಳಸಿ, ಗ್ಲ್ಯಾಂಡಿನ ನಟ್ಟು ಕೇಬಲ್ಲನ್ನು ಕಚ್ಚುವ ತನಕ ತಿರುಗಿಸಿ. ಗೋಡೆಗೆ ಕೂರಿಸಿದ ದೀಪದ ಸುತ್ತ ಸಿಲಿಕೋನ್ ಹಚ್ಚುವಾಗ ಮೇಲೂ ಎರಡು ಪಕ್ಕವೂ ಹಚ್ಚಿ, ಕೆಳಗಡೆ ಬಿಡಿ. ಹಿಂದೆ ಕೂಡಿದ ಹನಿ ಇಳಿದುಹೋಗಲು ದಾರಿ ಬೇಕು.

ಸಾಮಾನು

ಮೇನ್ ಬೋರ್ಡಿನಿಂದ ಸ್ವಿಚ್ಚಿಗೆ 8 ಮೀಟರ್, ಸ್ವಿಚ್ಚಿನಿಂದ ಫ್ಯಾನಿಗೆ 5, ದೀಪಕ್ಕೆ 4 ಅಂದುಕೊಂಡರೆ:

– 1.5 ಚದರ ಮಿ.ಮೀ. ತಾಮ್ರದ ವೈರು, ಬೆಂಕಿ ಹರಡದ ಜಾತಿಯದು, ಐಎಸ್ 694 (ವೈರಿನ ಭಾರತೀಯ ಮಾನಕ) ಮುದ್ರೆ ಇರುವುದು: ಕೆಂಪು (ಫೇಸು), ಕಪ್ಪು (ನ್ಯೂಟ್ರಲ್ಲು), ಹಸಿರು (ಅರ್ತ್) ತಲಾ 20 ಮೀಟರ್. ಟೈಮರ್ ಇರುವ ಫ್ಯಾನಾದರೆ ಹಳದಿ 6 ಮೀಟರ್ ಹೆಚ್ಚಿಗೆ.
– 20 ಮಿ.ಮೀ. ಪಿವಿಸಿ ವೈರಿಂಗ್ ಪೈಪು, 3 ಮೀಟರಿನವು 6. ಬೆಂಡು, ಜಂಕ್ಷನ್ ಬಾಕ್ಸು, ಕ್ಲಿಪ್ಪು ಬೇಕಾದಷ್ಟು.
– ಆರ್‌ಸಿಬಿಒ 1, ಸ್ವಿಚ್ಚು 2, ಫ್ಯಾನಿಗೊಂದು ಇಂಡಿಕೇಟರ್, ಮಾಡ್ಯುಲರ್ ಬಾಕ್ಸು.
– ಸ್ಕ್ರೂ ಅಥವಾ ಲಿವರ್ ಕನೆಕ್ಟರುಗಳು, ಸಿಲಿಕೋನ್ ಟ್ಯೂಬು 1, ಸ್ಟೇನ್‌ಲೆಸ್ ಸ್ಕ್ರೂ, ಫಿಶರ್ (ಸ್ಕ್ರೂ ಹಿಡಿಯಲು ಗೋಡೆ ತೂತಿಗೆ ಹಾಕುವ ಪ್ಲಾಸ್ಟಿಕ್ ಗೂಟ).
– ಹೊರಗಡೆಗೆ ಬೀಳುಬಾಗಿಲಿನ (ಫ್ಯಾನು ನಿಂತಾಗ ತಾನೇ ಮುಚ್ಚಿಕೊಳ್ಳುವ ಪಟ್ಟಿಗಳ) ಜಾಲರಿ, ಮಳೆ ತಡೆಯುವ ಮುಚ್ಚಳ.

ಸಾಮಾನ್ಯ ಕಬ್ಬಿಣದ ಸ್ಕ್ರೂ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬಿಚ್ಚಲಾರದಂತಾಗುತ್ತದೆ. ನಾಲ್ಕು ಸ್ಟೇನ್‌ಲೆಸ್ ಸ್ಕ್ರೂಗೆ ಹಿಂದೆಮುಂದೆ ನೋಡಬೇಡಿ.

ಕೆಲಸ

ಮೊದಲು ಗೋಡೆ. ಫ್ಯಾನಿನ ಜೊತೆ ಬರುವ ಅಳತೆಯಂತೆ ಗುರುತು ಹಾಕಿ. ಜಂಬಿಟ್ಟಿಗೆ ಗೋಡೆಗೆ ಸುತ್ತಿಗೆ, ಚಾಣದಿಂದ ನೇರ ಹೊಡೆದರೆ ಅಂಚು ಉದುರಿ ತೂತು ಎರಡರಷ್ಟು ದೊಡ್ಡದಾಗುತ್ತದೆ. ಗುರುತಿನ ಸುತ್ತ 10 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒತ್ತೊತ್ತಾಗಿ ತೂತು ಕೊರೆದು, ಆಮೇಲೆ ನಡುವನ್ನು ಕೆತ್ತಿ ತೆಗೆಯಿರಿ. ದಪ್ಪ ಗೋಡೆಯಲ್ಲಿ ಪಿವಿಸಿ ಪೈಪಿನ ತುಂಡನ್ನು ತೋಳಿನಂತೆ ಕೂರಿಸಿ ಸುತ್ತ ಗಾರೆ ತುಂಬಲೇಬೇಕು. ಇಲ್ಲದಿದ್ದರೆ ಹಬೆಯನ್ನು ಕಲ್ಲೇ ಹೀರಿಕೊಂಡು ಗೋಡೆ ಒಳಗಿನಿಂದ ನೆನೆಯುತ್ತದೆ. ಪೈಪು ಹೊರಗಡೆಗೆ ಮೀಟರಿಗೆ 1–2 ಸೆಂ.ಮೀ. ಇಳಿಜಾರಾಗಿರಲಿ. ಒಳಗಡೆಗೆ ಇಳಿಜಾರಾದರೆ ತಣಿದ ಹಬೆ ನೀರಾಗಿ ಮೋಟಾರಿನ ಮೇಲೆ ಬೀಳುತ್ತದೆ.

ವೈರಿಂಗ್ ಪೈಪು ಫ್ಯಾನಿಗೆ ಕೆಳಗಿನಿಂದ ಏರಿ ಸೇರಲಿ. ಮೇಲಿನಿಂದ ಇಳಿದು ಬಂದರೆ ಹನಿ ನೇರ ಟರ್ಮಿನಲ್ಲಿಗೆ. ವೈರು ಎಳೆದಾದ ಮೇಲೆ ಬಚ್ಚಲೊಳಗೆ ತೆರೆಯುವ ಪ್ರತಿ ಪೈಪಿನ ಬಾಯಿಗೂ ವೈರಿನ ಸುತ್ತ ಸಿಲಿಕೋನ್ ತುಂಬಿ. ಇಡೀ ಕೆಲಸದಲ್ಲಿ ಐದು ನಿಮಿಷ ಹಿಡಿಯುವುದು ಇದೊಂದೇ, ಹೆಚ್ಚಿನವರು ಬಿಡುವುದೂ ಇದನ್ನೇ. ಇದರಿಂದ ಹಬೆ ಸ್ವಿಚ್ ಬೋರ್ಡಿಗೆ ಹೋಗುವುದು ನಿಲ್ಲುತ್ತದೆ. ಮಳೆಗಾಲಕ್ಕೆ ಬೆಚ್ಚಗಿನ ಜಾಗ ಹುಡುಕಿ ಪೈಪಿನೊಳಗಿಂದ ಬಂದು ಸ್ವಿಚ್ಚಿನಲ್ಲಿ ಗೂಡು ಕಟ್ಟುವ ಸಣ್ಣ ಇರುವೆಗಳಿಗೂ ದಾರಿ ಮುಚ್ಚುತ್ತದೆ.

ಜೋಡಣೆ ಹೀಗೆ. ಆರ್‌ಸಿಬಿಒದಿಂದ ಬಂದ ಕೆಂಪು ವೈರು ಎರಡೂ ಸ್ವಿಚ್ಚಿನ ಒಂದು ತುದಿಗೆ. ಸ್ವಿಚ್ಚಿನ ಇನ್ನೊಂದು ತುದಿಯಿಂದ ಒಂದು ವೈರು ಫ್ಯಾನಿಗೆ, ಒಂದು ದೀಪಕ್ಕೆ. ಕಪ್ಪು ವೈರು ಸ್ವಿಚ್ಚಿಗೆ ತಾಗದೆ ನೇರ ಎರಡಕ್ಕೂ. ಸ್ವಿಚ್ಚು ಕಡಿಯಬೇಕಾದ್ದು ಫೇಸನ್ನು. ಹಸಿರು ವೈರು ಎರಡೂ ಪಾಯಿಂಟಿಗೆ ಹೋಗಲೇಬೇಕು. ಪ್ಲಾಸ್ಟಿಕ್ ಮೈಯ ಫ್ಯಾನಿಗೆ ಅರ್ತ್ ಟರ್ಮಿನಲ್ ಇಲ್ಲದಿದ್ದರೆ ಹಸಿರು ವೈರಿನ ತುದಿಯನ್ನು ಕನೆಕ್ಟರಿಗೆ ಸಿಕ್ಕಿಸಿ ಬಾಕ್ಸಿನಲ್ಲೇ ಇಡಿ. ನಾಳೆ ಯಾರೋ ಲೋಹದ ಫ್ಯಾನು ತಂದು ಹಾಕಿದರೆ ಅದು ಬೇಕಾಗುತ್ತದೆ.

ಫ್ಯಾನಿಗೂ ದೀಪಕ್ಕೂ ಒಂದೇ ಸ್ವಿಚ್ಚು ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಸ್ನಾನ ಮುಗಿದ ಮೇಲೆ ಫ್ಯಾನು ಇನ್ನೂ 15–20 ನಿಮಿಷ ತಿರುಗಬೇಕು. ಗೋಡೆಯ ಮೇಲಿನ ನೀರು ಆರುವುದು ಆಗಲೇ. ಮರೆಯುವ ಮನೆಯಾದರೆ ಟೈಮರ್ ಇರುವ ಫ್ಯಾನು ತನ್ನಿ. ಅದಕ್ಕೆ ಸದಾ ಇರುವ ಫೇಸು, ಸ್ವಿಚ್ಚಿನಿಂದ ಬರುವ ಫೇಸು, ನ್ಯೂಟ್ರಲ್ಲು ಹೀಗೆ ಮೂರು ಬೇಕು, ಅರ್ತ್ ಸೇರಿ ನಾಲ್ಕು. ಹಳದಿ ವೈರು ಅದಕ್ಕಾಗಿ. ಟರ್ಮಿನಲ್ಲಿನ ಅಕ್ಷರಗಳು ಕಂಪನಿಗೊಂದು ಥರ ಇರುತ್ತವೆ, ಮುಚ್ಚಳದೊಳಗಿನ ಚಿತ್ರ ನೋಡಿಯೇ ಜೋಡಿಸಿ. ವಿದ್ಯುತ್ ಖರ್ಚಿನ ಚಿಂತೆ ಬೇಡ: 30 ವ್ಯಾಟಿನ ಫ್ಯಾನು ದಿನಕ್ಕೊಂದು ಗಂಟೆ ತಿರುಗಿದರೆ ತಿಂಗಳಿಗೆ ಒಂದು ಯೂನಿಟ್ಟೂ ಆಗುವುದಿಲ್ಲ.

ವೈರಿನ ತುದಿ 8–10 ಮಿ.ಮೀ. ಮಾತ್ರ ಸುಲಿಯಿರಿ, ಒಂದೆಳೆಯೂ ಕಡಿಯದಂತೆ. ಹೊಸೆದು ಟೇಪು ಸುತ್ತಿದ ಜಾಯಿಂಟು ಬಚ್ಚಲ ಕಡೆ ಎಲ್ಲೂ ಬೇಡ. ಜೋಡಿಸಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ.

ಪರೀಕ್ಷೆ

ಕರೆಂಟು ಕೊಡುವ ಮೊದಲು ಫ್ಯಾನು, ದೀಪ ಎರಡನ್ನೂ ಕಳಚಿ, ಫೇಸು–ನ್ಯೂಟ್ರಲ್ಲು ಒಟ್ಟುಮಾಡಿ, ಅರ್ತಿಗೆ 500 ವೋಲ್ಟಿನ ಮೆಗ್ಗರ್ (ವೈರಿನ ತೊಗಲು ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಹಿಡಿಯಬೇಕು. 1 ಮೆಗಾ ಓಮಿಗಿಂತ ಕಡಿಮೆ ತೋರಿಸಿದರೆ ಎಲ್ಲೋ ನೀರಿದೆ ಅಥವಾ ವೈರಿನ ತೊಗಲು ಕಿತ್ತಿದೆ. ದೀಪ ಕಳಚದೆ ಮೆಗ್ಗರ್ ತಿರುಗಿಸಿದರೆ ಅದರ ಡ್ರೈವರ್ (ಎಲ್‌ಇಡಿಗೆ ಕರೆಂಟು ಹೊಂದಿಸಿ ಕೊಡುವ ಭಾಗ) ಸುಟ್ಟೀತು. ಅರ್ತ್ ನೋಡಲು ಫೇಸಿಗೂ ಅರ್ತಿಗೂ ಬಲ್ಬು ಹಚ್ಚಿ ತೋರಿಸುವ ರೂಢಿ ಇದೆ. ಅದನ್ನು ಮಾಡಗೊಡಬೇಡಿ. ಅರ್ತ್ ಎಲ್ಲಾದರೂ ಕಡಿದಿದ್ದರೆ ಆ ಫೇಸು ಬಲ್ಬಿನ ಮೂಲಕ ಗೀಸರಿನ ಮೈಗೂ ವಾಷಿಂಗ್ ಮಷೀನಿನ ಮೈಗೂ ಬರುತ್ತದೆ. ಅರ್ತ್ ಟೆಸ್ಟರಿನಿಂದಲೇ ಅಳೆಯಲು ಹೇಳಿ, ಅದೂ ನೆಲ ಒಣಗಿರುವ ಏಪ್ರಿಲ್ ತಿಂಗಳಲ್ಲಿ ಅಳೆದರೆ ನಿಜ ಗೊತ್ತಾಗುತ್ತದೆ.

ಕರೆಂಟು ಕೊಟ್ಟ ಮೇಲೆ ಆರ್‌ಸಿಬಿಒದ ಟೆಸ್ಟ್ ಬಟನ್ ಒತ್ತಿ, ಬೀಳಬೇಕು. ಆಮೇಲೆ ಗಾಳಿ. ಫ್ಯಾನು ಹಾಕಿ, ಬಾಗಿಲು ಮುಚ್ಚಿ, ಹೊರಗಡೆ ಹೊಸ್ತಿಲ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಬಾಗಿಲಡಿ ಬಾಗಿ ಒಳಗೆ ಹೋಗಬೇಕು. ನೆಟ್ಟಗೆ ಮೇಲೇರಿದರೆ ಫ್ಯಾನು ಗಾಳಿಯನ್ನು ಬೇರೆಲ್ಲಿಂದಲೋ ತೆಗೆದುಕೊಳ್ಳುತ್ತಿದೆ.

ಏನಾದರೆ ಯಾಕೆ

ಬಚ್ಚಲ ದೀಪ ಹಾಕಿದಾಗಲೆಲ್ಲ ಆರ್‌ಸಿಬಿಒ ಬಿದ್ದರೆ ಮೊದಲೇ ದೀಪವನ್ನು ದೂರಬೇಡಿ. ನ್ಯೂಟ್ರಲ್ಲನ್ನು ಪಕ್ಕದ ಕೋಣೆಯದಕ್ಕೆ ಸೇರಿಸಿರಬಹುದು. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸು ಬರದಿದ್ದರೆ ಅದು ಸೋರಿಕೆಯೆಂದೇ ಎಣಿಸಿ ಬೀಳುತ್ತದೆ. ಹಾಗಿದ್ದರೆ ನ್ಯೂಟ್ರಲ್ ಬೇರೆ ಮಾಡುವುದೊಂದೇ ದಾರಿ. ಆರ್‌ಸಿಬಿಒ ತೆಗೆದು ಎಂಸಿಬಿ ಹಾಕಿ ಸರಿಮಾಡಿದೆ ಅನ್ನುವವರನ್ನು ಮತ್ತೆ ಕರೆಯಬೇಡಿ. ಸ್ನಾನವಾದ ಮೇಲೆ ಮಾತ್ರ ಬಿದ್ದರೆ ಅದು ನಿಜವಾದ ಥಂಡಿ: ಮೊದಲು ದೀಪದ ವೈರು ಕಳಚಿ ನೋಡಿ, ಆಮೇಲೆ ಫ್ಯಾನಿನದು. ಯಾವುದು ಕಳಚಿದಾಗ ನಿಲ್ಲುತ್ತದೋ ಅದರಲ್ಲಿ ನೀರಿದೆ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಿಣುಕುತ್ತಿದ್ದರೆ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ಲನ್ನು ಕಡಿಯುತ್ತಿರಬಹುದು, ಅಥವಾ ಸ್ವಿಚ್ಚಿನೊಳಗೇ ಇರುವ ಇಂಡಿಕೇಟರಿನಿಂದ ಚೂರು ಕರೆಂಟು ಹಾಯುತ್ತಿರಬಹುದು. ಮೊದಲನೆಯದಾದರೆ ಆಫ್ ಇದ್ದಾಗಲೂ ಹೋಲ್ಡರಿನಲ್ಲಿ ಫೇಸು ಇದೆ, ಅಂದೇ ಸರಿಮಾಡಿಸಿ. ಇನ್ವರ್ಟರಿನಲ್ಲಿದ್ದಾಗ ಮಾತ್ರ ಫ್ಯಾನು ಗುಂಯ್‌ಗುಟ್ಟಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ಮೇನ್ ಕರೆಂಟಿನಷ್ಟು ನಯವಲ್ಲದ ಕರೆಂಟು ಕೊಡುವಂಥದ್ದು. ಮೋಟಾರ್ ಕಾಯುತ್ತದೆ, ಕರೆಂಟು ಬರುವ ತನಕ ಫ್ಯಾನು ಆಫ್ ಇರಲಿ. ಫ್ಯಾನು ಜೋರಾಗಿ ತಿರುಗಿಯೂ ಹಬೆ ಹೋಗದಿದ್ದರೆ ಹೊರಗಿನ ಬೀಳುಬಾಗಿಲು ನೋಡಿ, ಕಣಜ ಮಣ್ಣಿನ ಗೂಡು ಕಟ್ಟಿ ಪಟ್ಟಿಗಳನ್ನು ಮೆತ್ತಿರುತ್ತದೆ.

ಮೇ ಕೊನೆಯಲ್ಲಿ, ಹೆಂಚು ಕೈಯಾಡಿಸುವ ಹೊತ್ತಿಗೆ, ಫ್ಯಾನಿನ ರೆಕ್ಕೆ ತೊಳೆದು, ಪೈಪಿನ ಬಾಯಿಯ ಸಿಲಿಕೋನ್ ಬಿಟ್ಟಿದೆಯೇ ನೋಡಿ. ಟೆಸ್ಟ್ ಬಟನ್ ಮಾತ್ರ ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಬೀಳದ ಆರ್‌ಸಿಬಿಒವನ್ನು ಅಂದೇ ಬದಲಿಸಿ. ಹೊಸದು ಬರುವ ತನಕ ಬಚ್ಚಲಿನ ಸರ್ಕ್ಯೂಟು ಆಫ್ ಇರಲಿ, ಸ್ನಾನಕ್ಕೆ ಒಂದು ಚಾರ್ಜರ್ ದೀಪ ಸಾಕು.